ತನ್ನನ್ನು ತಾನು ನಡೆಸಿಕೊಳ್ಳುವ ವಿದ್ಯೆ

2023ನೆಯ ಇಸವಿಯಲ್ಲಿ ನಮ್ಮ ದೇಶದಲ್ಲಿ ತಮ್ಮ ಬದುಕನ್ನು ತಾವೇ ಕೊನೆಗೊಳಿಸಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 13,892. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸಿದ ಲೆಕ್ಕವಿದು. 2013ರಲ್ಲಿ ಇದೇ ಬ್ಯೂರೊ ದಾಖಲಿಸಿದ್ದ ಸಂಖ್ಯೆ 8,423. ಹತ್ತು ವರ್ಷಗಳ ಅಂತರದಲ್ಲಿ ಈ ಪರಿಯ ಏರಿಕೆ! ದಿನವೊಂದಕ್ಕೆ ಸರಾಸರಿ ಮೂವತ್ತೆಂಟು ಮನೆಗಳಲ್ಲಿ ದೀಪ ಆರಿದಂತಾಯಿತು. ಬೆಳಗಿನ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಓದಿ ಮುಂದಕ್ಕೆ ಸರಿಯುವ ನಾವು, ಈ ಅಂಕಿಗಳ ಹಿಂದಿರುವ ತಂದೆತಾಯಂದಿರ ಮುಖಗಳನ್ನು ಕಾಣಲಾರೆವು. ಸಾವಿನ ಮನೆಗೆ ಹೋಗಿ ಬರುವ ಧರ್ಮಗುರುಗಳು ಆ ಮುಖಗಳನ್ನು ಕಾಣಬೇಕಾಗುತ್ತದೆ.

ಸರ್ವೋಚ್ಚ ನ್ಯಾಯಾಲಯವೂ ಈ ವಿಷಯದಲ್ಲಿ ಮೌನವಾಗಿ ಉಳಿಯಲಿಲ್ಲ. 2025ರ ಮಾರ್ಚ್ 24ರಂದು ಅದು ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳ ಮನಃಸ್ವಾಸ್ಥ್ಯದ ಪ್ರಶ್ನೆಯನ್ನು ಪರಿಶೀಲಿಸಲು, ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆಯೊಂದನ್ನು ನೇಮಿಸಿತು. ಅದೇ ವರ್ಷದ ಜುಲೈ 25ರಂದು ಇನ್ನೊಂದು ಪ್ರಕರಣದಲ್ಲಿ ಶಿಕ್ಷಣ ಸಂಸ್ಥೆಗಳಿಗೂ ಕೋಚಿಂಗ್ ಕೇಂದ್ರಗಳಿಗೂ ಅನ್ವಯವಾಗುವ ಮಾರ್ಗಸೂಚಿಗಳನ್ನು ಹೊರಡಿಸಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ತರಬೇತಾದ ಆಪ್ತಸಮಾಲೋಚಕರಿರಬೇಕು, ಅಂಕಗಳ ಆಧಾರದಲ್ಲಿ ವಿದ್ಯಾರ್ಥಿಗಳನ್ನು ಬೇರೆ ಬೇರೆ ಬ್ಯಾಚುಗಳಾಗಿ ವಿಂಗಡಿಸಕೂಡದು, ಎಲ್ಲರೆದುರು ಅವಮಾನಿಸಕೂಡದು, ಶಿಕ್ಷಕರಿಗೆ ವರ್ಷಕ್ಕೆ ಎರಡು ಬಾರಿಯಾದರೂ ಈ ಕುರಿತು ತರಬೇತಿ ದೊರೆಯಬೇಕು ಎಂಬಿವು ಅವುಗಳಲ್ಲಿ ಮುಖ್ಯವಾದವು. ಇವು ಸ್ವಾಗತಾರ್ಹವೆಂಬುದು ನಿರ್ವಿವಾದ.

ಆದರೆ ಕಾನೂನು ಆಪ್ತಸಮಾಲೋಚಕರ ಕೊಠಡಿಯೊಂದನ್ನು ತೆರೆಸಬಲ್ಲದೇ ವಿನಾ, ತನ್ನ ಮನಸ್ಸಿನೊಳಗೆ ನಡೆಯುತ್ತಿರುವುದೇನೆಂದು ಅರಿತು ಆ ಕೊಠಡಿಯ ಬಾಗಿಲು ತಟ್ಟುವ ವಿವೇಕವನ್ನು ವಿದ್ಯಾರ್ಥಿಯೊಳಗೆ ಬಿತ್ತಲಾರದು. ಅದು ಬೇರೆ ಬಗೆಯ ವಿದ್ಯೆ. ತನ್ನ ಆಲೋಚನೆಗಳನ್ನು ತಾನೇ ಗಮನಿಸಿ, ತೂಗಿ, ತಿದ್ದಿ ನಡೆಸಿಕೊಳ್ಳುವ ವಿದ್ಯೆ. ಮನಶ್ಶಾಸ್ತ್ರಜ್ಞರು ಇದನ್ನು ಸ್ವನಿರ್ವಹಣೆಯ ಚಿಂತನ ಕೌಶಲವೆಂದು ಕರೆಯುತ್ತಾರೆ. ಕಾಲೇಜು ವಿದ್ಯಾರ್ಥಿಗಳ ಕ್ಷೇಮಕ್ಕೂ ಈ ಕೌಶಲಕ್ಕೂ ಇರುವ ನಂಟೆಂಥದು, ಅದನ್ನು ನಮ್ಮ ಮಕ್ಕಳು ಎಲ್ಲಿ ಕಲಿಯುತ್ತಾರೆ, ಕಲಿಯದಿದ್ದರೆ ಹೊಣೆ ಯಾರದು ಎಂಬುದನ್ನು ಈ ವಾರ ತುಸು ಸಾವಧಾನವಾಗಿ ವಿಚಾರ ಮಾಡೋಣ.

ಏನಿದು ಸ್ವನಿರ್ವಹಣೆ?

ಇಬ್ಬರು ವಿದ್ಯಾರ್ಥಿಗಳನ್ನು ಊಹಿಸಿಕೊಳ್ಳಿ. ಇಬ್ಬರಿಗೂ ಮೊದಲ ಆಂತರಿಕ ಪರೀಕ್ಷೆಯಲ್ಲಿ ಮೂವತ್ತಕ್ಕೆ ಹನ್ನೊಂದು ಅಂಕ ಬಂದಿದೆ. ಒಬ್ಬನ ಮನಸ್ಸು ತಕ್ಷಣ ಹೇಳುತ್ತದೆ: 'ನಾನು ಯಾವುದಕ್ಕೂ ಬಾರದವನು. ಮನೆಯವರ ಹಣ ಹಾಳು ಮಾಡುತ್ತಿದ್ದೇನೆ. ಇನ್ನು ಏನು ಮಾಡಿದರೂ ಅಷ್ಟೆ.' ಇನ್ನೊಬ್ಬನಿಗೂ ಅದೇ ನೋವು, ಅದೇ ನಾಚಿಕೆ. ಆದರೆ ಅವನು ಒಂದು ಹೆಜ್ಜೆ ಹಿಂದೆ ಸರಿದು ನಿಂತು ಕೇಳಿಕೊಳ್ಳುತ್ತಾನೆ: 'ನಾನು ಯಾವುದಕ್ಕೂ ಬಾರದವನೆಂಬುದು ನಿಜವೋ, ಅಥವಾ ಎರಡು ಅಧ್ಯಾಯಗಳು ನನಗೆ ಅರ್ಥವಾಗಿಲ್ಲವೆಂಬುದು ನಿಜವೋ? ಅರ್ಥವಾಗದಿದ್ದರೆ ಯಾರನ್ನು ಕೇಳಬೇಕು? ಯಾವಾಗ?' ಅಂಕ ಒಂದೇ. ಆದರೆ ಆ ರಾತ್ರಿ ಇಬ್ಬರೂ ಮಲಗುವ ನಿದ್ರೆ ಒಂದೇ ಅಲ್ಲ.

ಹೀಗೆ ಹಿಂದೆ ಸರಿದು ನಿಲ್ಲುವ ಕ್ರಿಯೆಯಲ್ಲಿ ನಾಲ್ಕು ಮೆಟ್ಟಿಲುಗಳಿವೆ. ಮನಸ್ಸಿಗೆ ಬಂದ ಆಲೋಚನೆಯನ್ನು ಗಮನಿಸುವುದು ಮೊದಲನೆಯದು. ಅದು ನಿಜವೇ ಎಂದು ತೂಗಿ ನೋಡುವುದು ಎರಡನೆಯದು. ಮುಂದೇನು ಮಾಡಬೇಕೆಂದು ಯೋಜಿಸುವುದು ಮೂರನೆಯದು. ಮಾಡಿದ್ದು ಫಲಿಸದಿದ್ದರೆ ತನ್ನನ್ನು ತಾನು ಹಳಿದುಕೊಳ್ಳದೆ ತಿದ್ದಿಕೊಳ್ಳುವುದು ನಾಲ್ಕನೆಯದು. ತನ್ನ ಚಿಂತನೆಯ ಬಗ್ಗೆಯೇ ಚಿಂತಿಸುವ ಈ ಸಾಮರ್ಥ್ಯವನ್ನು ಜಾನ್ ಫ್ಲಾವೆಲ್ 1970ರ ದಶಕದಲ್ಲಿ ಮನಶ್ಶಾಸ್ತ್ರದ ಅಧ್ಯಯನಕ್ಕೆ ವಿಷಯವಾಗಿ ತಂದರು. ಅನಂತರ ಬ್ಯಾರಿ ಜಿಮ್ಮರ್‌ಮನ್ ಅವರು ಕಲಿಕೆಯನ್ನು ಮುನ್ನಾಲೋಚನೆ, ನಿರ್ವಹಣೆ, ಆತ್ಮಾವಲೋಕನ ಎಂಬ ಮೂರು ಹಂತಗಳ ಚಕ್ರವಾಗಿ ವಿವರಿಸಿದರು.

ವಿಷಯ ಹೊಸದೇನೂ ಅಲ್ಲ. ಗುಲಾಮನಾಗಿ ಬಾಳಿದ ಗ್ರೀಕ್ ತತ್ತ್ವಜ್ಞಾನಿ ಎಪಿಕ್ಟೆಟಸ್, ಮನುಷ್ಯನನ್ನು ಕಂಗೆಡಿಸುವುದು ಘಟನೆಗಳಿಗಿಂತಲೂ ಆ ಘಟನೆಗಳನ್ನು ಕುರಿತು ಅವನು ತಳೆಯುವ ತೀರ್ಮಾನಗಳು ಎಂದು ಬೋಧಿಸಿದ. 1950ರ ದಶಕದಲ್ಲಿ ಆಲ್ಬರ್ಟ್ ಎಲ್ಲಿಸ್ ತಮ್ಮ ಮನೋಚಿಕಿತ್ಸಾ ಪದ್ಧತಿಯನ್ನು ರೂಪಿಸಿದಾಗ ಈ ಪ್ರಾಚೀನನ ಋಣವನ್ನು ಒಪ್ಪಿಕೊಂಡರು. ಸೆಮಿನರಿಯ ತತ್ತ್ವಶಾಸ್ತ್ರದ ತರಗತಿಯಲ್ಲಿ ನಾವು ಅರಿಸ್ಟಾಟಲನ ವಿವೇಕವೆಂಬ ಸದ್ಗುಣವನ್ನು ಓದುವಾಗ, ಅದು ಪರೀಕ್ಷೆಗೆ ಬರೆಯುವ ಉತ್ತರವೆಂದಷ್ಟೇ ತಿಳಿದಿದ್ದೆವು. ಅದು ಹದಿನೆಂಟು ವರ್ಷದ ಹುಡುಗನೊಬ್ಬನಿಗೆ ರಾತ್ರಿ ಹನ್ನೊಂದು ಗಂಟೆಗೆ ಬೇಕಾಗುವ ಆಸರೆಯೆಂಬುದು ತಿಳಿದುಬಂದದ್ದು ಬಹಳ ತಡವಾಗಿ.

ಅಧ್ಯಯನಗಳು ಹೇಳುವುದೇನು?

ಇದು ಬರಿಯ ಉಪದೇಶವಲ್ಲವೆಂಬುದಕ್ಕೆ ಕಾಲೇಜು ವಿದ್ಯಾರ್ಥಿಗಳನ್ನು ಕುರಿತೇ ನಡೆದ ಕೆಲವು ಅಧ್ಯಯನಗಳು ಸಾಕ್ಷಿಯಾಗಿವೆ.

1989ರ ಅಕ್ಟೋಬರ್ 17ರಂದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಲೋಮಾ ಪ್ರಿಯೇಟಾ ಭೂಕಂಪ ಸಂಭವಿಸಿತು. ಅದಕ್ಕೆ ಸರಿಯಾಗಿ ಹದಿನಾಲ್ಕು ದಿನಗಳ ಮುಂಚೆ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸೂಸನ್ ನೋಲೆನ್ ಹೊಕ್ಸೆಮಾ ಅವರು 137 ವಿದ್ಯಾರ್ಥಿಗಳ ಮನಸ್ಥಿತಿಯನ್ನೂ ಬೇಸರ ಬಂದಾಗ ಅವರು ವರ್ತಿಸುವ ಬಗೆಯನ್ನೂ ಆಕಸ್ಮಿಕವಾಗಿ ಅಳೆದಿಟ್ಟಿದ್ದರು. ಭೂಕಂಪದ ಹತ್ತು ದಿನಗಳ ಬಳಿಕ ಒಮ್ಮೆ, ಏಳು ವಾರಗಳ ಬಳಿಕ ಇನ್ನೊಮ್ಮೆ ಅದೇ ವಿದ್ಯಾರ್ಥಿಗಳನ್ನು ಪರೀಕ್ಷಿಸಲಾಯಿತು. ದುಃಖ ಬಂದಾಗ ಅದನ್ನೇ ಮತ್ತೆ ಮತ್ತೆ ಮೆಲುಕು ಹಾಕುವ, 'ನನಗೇಕೆ ಹೀಗೆ' ಎಂಬಲ್ಲಿಯೇ ಸುತ್ತುವ ಅಭ್ಯಾಸ ಮೊದಲೇ ಇದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿದ್ದವು. ಭೂಮಿ ಎಲ್ಲರ ಕಾಲಡಿಯಲ್ಲೂ ನಡುಗಿತ್ತು. ಆದರೆ ನಡುಕ ನಿಂತ ಮೇಲೂ ಯಾರ ಮನಸ್ಸು ನಡುಗುತ್ತಲೇ ಇತ್ತೆಂಬುದಕ್ಕೆ ಅವರವರ ಆಲೋಚನೆಯ ರೂಢಿಯೂ ಒಂದು ಕಾರಣವಾಗಿತ್ತು.

ಮೆಲುಕು ಹಾಕುವುದು ಬೇರೆ, ಆತ್ಮಶೋಧನೆ ಬೇರೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಮೊದಲನೆಯದಕ್ಕೆ ಕೊನೆಯೇ ಇಲ್ಲ. ಎರಡನೆಯದು ಒಂದು ನಿರ್ಧಾರದಲ್ಲಿ ಮುಗಿಯುತ್ತದೆ.

ಆ ನಿರ್ಧಾರ ಹೇಗಿರಬೇಕೆಂಬುದಕ್ಕೆ ಇನ್ನೊಂದು ಅಧ್ಯಯನವಿದೆ. ಜರ್ಮನಿಯ ಪೀಟರ್ ಗೋಲ್‌ವಿಟ್ಸರ್ ಮತ್ತು ಅವರ ಸಹೋದ್ಯೋಗಿ ವೆರೋನಿಕಾ ಬ್ರಾಂಡ್‌ಷ್ಟೆಟರ್ 1997ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ವಿದ್ಯಾರ್ಥಿಗಳಿಗೆ ಕ್ರಿಸ್ಮಸ್ ಹಿಂದಿನ ಸಂಜೆಯನ್ನು ಹೇಗೆ ಕಳೆದೆವೆಂಬುದನ್ನು ಬರೆದು ಕಳುಹಿಸಬೇಕೆಂದೂ, ಹಬ್ಬದ ಎರಡು ದಿನಗಳೊಳಗೆ ಬರೆದು ಮುಗಿಸಬೇಕೆಂದೂ ಹೇಳಲಾಯಿತು. ಅರ್ಧದಷ್ಟು ಮಂದಿಗೆ, ಯಾವಾಗ, ಎಲ್ಲಿ ಕುಳಿತು ಬರೆಯುವಿರೆಂಬುದನ್ನು ಮೊದಲೇ ನಿಶ್ಚಯಿಸಲು ಸೂಚಿಸಲಾಯಿತು. ಹಾಗೆ ನಿಶ್ಚಯಿಸಿದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಸಮಯಕ್ಕೆ ಸರಿಯಾಗಿ ಬರೆದರು. 'ಬರೆಯುತ್ತೇನೆ' ಎಂದಷ್ಟೇ ಅಂದುಕೊಂಡವರಲ್ಲಿ ಬರೆದವರು ಸುಮಾರು ಮೂರನೆಯ ಒಂದು ಪಾಲು ಮಾತ್ರ. ಹಬ್ಬದ ಗದ್ದಲದಲ್ಲಿ ಒಳ್ಳೆಯ ಸಂಕಲ್ಪಗಳು ಹೇಗೆ ಕರಗಿ ಹೋಗುತ್ತವೆಂಬುದನ್ನು ನಮ್ಮ ಮನೆಗಳಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. 'ಚೆನ್ನಾಗಿ ಓದುತ್ತೇನೆ' ಎಂಬುದು ಆಸೆ; 'ಸಂಜೆ ಕಾಫಿಯಾದ ಮೇಲೆ ಲೈಬ್ರರಿಯಲ್ಲಿ ಕುಳಿತು ಮೂರು ಲೆಕ್ಕ ಬಿಡಿಸುತ್ತೇನೆ' ಎಂಬುದು ಯೋಜನೆ.

ಮೂರನೆಯ ಅಧ್ಯಯನ ಕೆನಡದ ಕಾರ್ಲ್‌ಟನ್ ವಿಶ್ವವಿದ್ಯಾಲಯದ್ದು. ಮೊದಲ ವರ್ಷದ ವಿದ್ಯಾರ್ಥಿಗಳನ್ನು ಕುರಿತ ಈ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮೊದಲ ಪರೀಕ್ಷೆಗೆ ಓದುವುದನ್ನು ನಾಳೆ ನಾಳೆ ಎಂದು ಮುಂದೂಡಿ ಎಡವಿದವರಲ್ಲಿ, ತಮ್ಮ ತಪ್ಪನ್ನು ಒಪ್ಪಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೆಯ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದು ಕಡಿಮೆ. ತಮ್ಮನ್ನು ತಾವು ಹಳಿದುಕೊಳ್ಳುತ್ತ ಉಳಿದವರಿಗೆ ಆ ಪ್ರಯೋಜನ ದೊರೆಯಲಿಲ್ಲ. ಕಠೋರವಾಗಿ ಬೈದರೆ ಮಕ್ಕಳು ತಿದ್ದಿಕೊಳ್ಳುತ್ತಾರೆಂದು ನಂಬಿರುವ ನಮಗೆ ಇದು ಆಲೋಚಿಸಬೇಕಾದ ಮಾತು. ಪಾಪನಿವೇದನೆಯ ಸಂಸ್ಕಾರದಲ್ಲಿ ಕ್ಷಮೆಯೂ ತಿದ್ದಿಕೊಳ್ಳುವ ಸಂಕಲ್ಪವೂ ಜೊತೆಜೊತೆಯಾಗಿಯೇ ಇರುವುದನ್ನು ಬಲ್ಲ ಕಥೋಲಿಕರಿಗೆ ಇದು ಅಪರಿಚಿತವಾಗಬಾರದು.

ಇವೆಲ್ಲವನ್ನೂ ಒಟ್ಟುಗೂಡಿಸುವಂತೆ, 2004ರಲ್ಲಿ ಜೂನ್ ಟ್ಯಾಂಗ್ನಿ ಮತ್ತು ಸಂಗಡಿಗರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಎರಡು ಗುಂಪುಗಳನ್ನು ಅಧ್ಯಯನ ಮಾಡಿದರು. ಆತ್ಮಸಂಯಮ ಹೆಚ್ಚಿರುವವರಲ್ಲಿ ಅಂಕಗಳಷ್ಟೇ ಅಲ್ಲದೆ ಮನಸ್ಸಿನ ನೆಮ್ಮದಿ, ಸ್ನೇಹ ಸಂಬಂಧ, ಕುಟುಂಬದೊಂದಿಗಿನ ಬಾಂಧವ್ಯ ಎಲ್ಲವೂ ಉತ್ತಮವಾಗಿರುವುದನ್ನೂ ಕುಡಿತದ ತೊಂದರೆ ಕಡಿಮೆಯಿರುವುದನ್ನೂ ಅವರು ಕಂಡುಕೊಂಡರು.

ಒಂದು ಎಚ್ಚರಿಕೆ

ಇಷ್ಟು ಹೇಳಿದ ಬಳಿಕ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಎರಡು ಸಂಗತಿಗಳು ಜೊತೆಯಾಗಿ ಕಂಡುಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು ಎಂಬುದು ತರ್ಕಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು. ತನ್ನನ್ನು ನಡೆಸಿಕೊಳ್ಳಬಲ್ಲವನು ನೆಮ್ಮದಿಯಿಂದಿರುತ್ತಾನೆಂಬುದು ನಿಜವಿರಬಹುದು. ನೆಮ್ಮದಿಯಿಂದಿರುವವನು ತನ್ನನ್ನು ಸುಲಭವಾಗಿ ನಡೆಸಿಕೊಳ್ಳುತ್ತಾನೆಂಬುದೂ ಅಷ್ಟೇ ನಿಜವಿರಬಹುದು. ಹಸಿದವನಿಗೆ, ಸಾಲದ ಮನೆಯಿಂದ ಬಂದವನಿಗೆ, ದಿನವೂ ಅವಮಾನಕ್ಕೆ ಒಳಗಾಗುವವನಿಗೆ ಶಾಂತವಾಗಿ ಆಲೋಚಿಸುವುದೇ ಕಷ್ಟ.

ವಾಲ್ಟರ್ ಮಿಷೆಲ್ ಅವರ ಪ್ರಸಿದ್ಧ ಪ್ರಯೋಗದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 1960ರ ದಶಕದ ಕೊನೆಯಲ್ಲಿ ಅವರು ಪುಟ್ಟ ಮಕ್ಕಳ ಮುಂದೆ ಮಿಠಾಯಿಯನ್ನಿಟ್ಟು, ತುಸು ಕಾದರೆ ಎರಡು ದೊರೆಯುವುದೆಂದು ಹೇಳಿ, ಯಾರು ಕಾಯುತ್ತಾರೆಂದು ನೋಡಿದರು. ಕಾದ ಮಕ್ಕಳು ಮುಂದೆ ಓದಿನಲ್ಲಿ ಮುಂದಾದರೆಂಬ ಸುದ್ದಿ ಲೋಕವನ್ನೆಲ್ಲ ಸುತ್ತಿತು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು ಒಂಬೈನೂರಕ್ಕೂ ಮಿಕ್ಕಿದ ಮಕ್ಕಳ ಮಾಹಿತಿಯನ್ನು ಪರಿಶೀಲಿಸಿದಾಗ ಆ ನಂಟು ಮೊದಲು ಹೇಳಿದ್ದರ ಅರ್ಧದಷ್ಟು ಮಾತ್ರ ಕಂಡಿತು. ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅದೂ ಬಹಳಷ್ಟು ಕುಗ್ಗಿತು. ಆದರೆ ಮಿಷೆಲ್ ಅವರು ಕಂಡ ಇನ್ನೊಂದು ಸಂಗತಿಯನ್ನು ನಾವು ಮರೆಯಬಾರದು. ಮಿಠಾಯಿಯ ರುಚಿಯನ್ನು ನೆನೆಯದೆ ಅದನ್ನು ಮೋಡದ ತುಣುಕೆಂದು ಭಾವಿಸಿಕೊಳ್ಳಲು ಹೇಳಿಕೊಟ್ಟಾಗ ಮಕ್ಕಳು ಹೆಚ್ಚು ಹೊತ್ತು ಕಾದರು. ಅರ್ಥಾತ್, ಸಂಯಮವೆಂಬುದು ಹುಟ್ಟಿನಿಂದ ಬಂದ ಬಲವಷ್ಟೇ ಅಲ್ಲ. ಆಲೋಚನೆಯ ದಿಕ್ಕನ್ನು ಬದಲಿಸುವ ಉಪಾಯ ಕೂಡ. ಉಪಾಯವನ್ನು ಕಲಿಸಬಹುದು.

ಆದುದರಿಂದ ಸ್ವನಿರ್ವಹಣೆ ಕಲಿತರೆ ಸಾಕು, ಉಳಿದುದೆಲ್ಲ ತಾನಾಗಿ ಸರಿಯಾಗುವುದೆಂಬ ಮಾತನ್ನು ನಾನು ಆಡುತ್ತಿಲ್ಲ. ಖಿನ್ನತೆ ರೋಗವಾಗಿ ಬಂದಾಗ ಅದಕ್ಕೆ ವೈದ್ಯರೇ ಬೇಕು. ಕಾಲೇಜಿನಲ್ಲಿ ದೌರ್ಜನ್ಯ, ರ‍್ಯಾಗಿಂಗ್, ಜಾತಿಯ ಹೀನಾಯ ಇದ್ದಾಗ ಅದನ್ನು ನಿಲ್ಲಿಸಬೇಕಾದವರು ಆಡಳಿತ ಮಂಡಳಿಯವರು. 'ನೀನು ಮನಸ್ಸನ್ನು ಗಟ್ಟಿ ಮಾಡಿಕೋ' ಎಂದು ವಿದ್ಯಾರ್ಥಿಗೆ ಹೇಳಿ ಕೈತೊಳೆದುಕೊಳ್ಳುವುದು ಅಧರ್ಮ.

ಗಂಟೆ ನಿಂತ ಮೇಲೆ

ಈ ಹಿನ್ನೆಲೆಯಲ್ಲಿ ನಮ್ಮ ಕರಾವಳಿಯ ಸ್ಥಿತಿಯನ್ನು ನೋಡೋಣ. ಕಳೆದ ವರ್ಷ ಒಂದು ಭಾನುವಾರ ಪೂಜೆ ಮುಗಿದ ಬಳಿಕ ತಾಯಿಯೊಬ್ಬರು ಚರ್ಚಿನ ಕಚೇರಿಗೆ ಬಂದರು. ಗಂಡ ಕುವೈತಿನಲ್ಲಿ ದುಡಿಯುವವರು. ಮಗ ಪಿಯುಸಿಯನ್ನು ಹೆಸರಾಂತ ವಸತಿ ಕಾಲೇಜೊಂದರಲ್ಲಿ ಓದಿ, ಉತ್ತಮ ಅಂಕ ಗಳಿಸಿ, ಎಂಜಿನಿಯರಿಂಗ್ ಸೇರಿದ್ದ. ಎರಡನೆಯ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ನಾಲ್ಕು ವಿಷಯಗಳು ಬಾಕಿ. ಬಾಡಿಗೆಯ ಕೋಣೆಯಲ್ಲಿ ಹಗಲೆಲ್ಲ ಮಲಗುತ್ತಾನೆ, ಫೋನು ಎತ್ತುವುದಿಲ್ಲ.

"ಫಾದರ್, ಅವನು ಮೊದಲು ಹೀಗಿರಲಿಲ್ಲ. ಹೇಳಿದ ಮಾತನ್ನು ಎಂದೂ ಮೀರಿದವನಲ್ಲ" ಎಂದು ಅವರು ಕಣ್ಣೊರೆಸಿಕೊಂಡರು.

ಹುಡುಗನನ್ನು ಕರೆಸಿದೆ. ನನ್ನ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮೊದಲ ಭೇಟಿಯಲ್ಲಿ ನಾನು ಅವನಿಗೊಂದು ಪ್ರವಚನ ನೀಡಿದೆ: ಬೇಗನೆ ಏಳಬೇಕು, ಪ್ರಾರ್ಥಿಸಬೇಕು, ತಂದೆಯ ಕಷ್ಟವನ್ನು ನೆನೆಯಬೇಕು. ಅವನು ತಲೆಯಾಡಿಸಿ ಹೋದ, ಯಾವುದೂ ಬದಲಾಗಲಿಲ್ಲ. ಎರಡನೆಯ ಭೇಟಿಯಲ್ಲಿ ನಾನು ಸುಮ್ಮನೆ ಕುಳಿತೆ. ಆಗ ಅವನು ಹೇಳಿದ ಮಾತು ಇದು: "ಫಾದರ್, ಹಾಸ್ಟೆಲಿನಲ್ಲಿ ಐದು ಗಂಟೆಗೆ ಗಂಟೆ ಹೊಡೆಯುತ್ತಿದ್ದರು. ಯಾವಾಗ ಓದಬೇಕು, ಏನು ಓದಬೇಕು, ಯಾವಾಗ ಮಲಗಬೇಕು ಎಲ್ಲವನ್ನೂ ಅವರೇ ಹೇಳುತ್ತಿದ್ದರು. ಇಲ್ಲಿ ಯಾರೂ ಹೇಳುವುದಿಲ್ಲ. ಬೆಳಿಗ್ಗೆ ಎದ್ದರೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುವುದಿಲ್ಲ. ಹೆದರಿಕೆಯಾಗುತ್ತದೆ. ಮತ್ತೆ ಮಲಗುತ್ತೇನೆ."

ಆಗ ನನಗೆ ಅರಿವಾಯಿತು. ನನ್ನ ಪ್ರವಚನವೂ ಅವನ ಪಾಲಿಗೆ ಇನ್ನೊಂದು ಗಂಟೆಯೇ ಆಗಿತ್ತು. ತಾಯಿ ಹೆಮ್ಮೆಯಿಂದ ಹೇಳಿದ 'ಹೇಳಿದ ಮಾತನ್ನು ಮೀರಿದವನಲ್ಲ' ಎಂಬುದರಲ್ಲಿಯೇ ಅವನ ಸಂಕಟದ ಬೇರಿತ್ತು. ಹದಿನೆಂಟು ವರ್ಷಗಳ ಕಾಲ ಇತರರು ಅವನನ್ನು ಎಷ್ಟು ಅಚ್ಚುಕಟ್ಟಾಗಿ ನಿರ್ವಹಿಸಿದರೆಂದರೆ, ತನ್ನನ್ನು ತಾನು ನಿರ್ವಹಿಸಿಕೊಳ್ಳುವ ಒಂದು ದಿನದ ಅಭ್ಯಾಸವೂ ಅವನಿಗೆ ದೊರೆತಿರಲಿಲ್ಲ.

ವಸತಿ ಕಾಲೇಜುಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಶಿಸ್ತು ಬೇಕು. ಅನೇಕ ಬಡ ಮಕ್ಕಳಿಗೆ ಅಲ್ಲಿನ ಶಾಂತ ವಾತಾವರಣ ವರವಾಗಿದೆ. ಆದರೆ ಹೊರಗಿನ ಶಿಸ್ತು ಒಳಗಿನ ಶಿಸ್ತಾಗಿ ಮಾರ್ಪಡಬೇಕಾದರೆ ಹಂತಹಂತವಾಗಿ ಹಿಡಿತ ಸಡಿಲವಾಗಬೇಕು. ಸೈಕಲ್ ಕಲಿಸುವ ತಂದೆ ಹಿಂದಿನಿಂದ ಸೀಟು ಹಿಡಿದುಕೊಂಡು ಓಡುತ್ತಾನೆ, ನಿಜ; ಆದರೆ ಒಂದು ತಿರುವಿನಲ್ಲಿ ಮಗುವಿಗೆ ತಿಳಿಯದಂತೆ ಕೈಬಿಡುತ್ತಾನೆ. ನೀಟ್, ಸಿಇಟಿಗಳ ಭಯದಲ್ಲಿ ನಾವು ಕೈಬಿಡುವುದನ್ನೇ ಮರೆತಿದ್ದೇವೆ. ಕೊನೆಗೆ ಪಿಯುಸಿ ಫಲಿತಾಂಶ ಬಂದ ದಿನ ಒಮ್ಮೆಗೇ ಕೈಬಿಟ್ಟು, ಮಗು ಬಿದ್ದಾಗ ಮಗುವನ್ನೇ ಗದರಿಸುತ್ತೇವೆ.

ಆ ಹುಡುಗನನ್ನು ಮನೋವೈದ್ಯರ ಬಳಿಗೆ ಕಳುಹಿಸಿದೆವು. ಅವರ ಚಿಕಿತ್ಸೆಯೊಂದಿಗೆ ಕಾಲೇಜಿನ ಉಪನ್ಯಾಸಕರೊಬ್ಬರು ಕೈಜೋಡಿಸಿದರು. ಪ್ರತಿ ರಾತ್ರಿ ಮಲಗುವ ಮುನ್ನ ಒಂದು ಪುಸ್ತಕದಲ್ಲಿ ಮೂರು ಸಾಲು ಬರೆಯುವಂತೆ ಅವನಿಗೆ ಹೇಳಿಕೊಟ್ಟರು: ಇಂದು ಏನಾಯಿತು, ಆಗ ನನ್ನ ಮನಸ್ಸು ಏನು ಹೇಳಿತು, ನಾಳೆ ಮಾಡುವ ಒಂದು ಕೆಲಸ ಯಾವುದು, ಯಾವಾಗ, ಎಲ್ಲಿ. ಇಂದಿಗೂ ಅವನಿಗೆ ಎರಡು ವಿಷಯಗಳು ಬಾಕಿ ಇವೆ. ಆದರೆ ಅವನು ಫೋನು ಎತ್ತುತ್ತಾನೆ. ತನ್ನ ಬಾಕಿ ವಿಷಯಗಳ ಬಗ್ಗೆ ತಾನೇ ಮಾತನಾಡುತ್ತಾನೆ. ಇದನ್ನು ನಾನು ಸಣ್ಣ ಸಂಗತಿಯೆಂದು ಎಣಿಸುವುದಿಲ್ಲ.

ನಮ್ಮದೇ ಪರಂಪರೆಯಲ್ಲಿ

ಆ ಮೂರು ಸಾಲುಗಳನ್ನು ಕಂಡಾಗ ನನಗೆ ಸಂತ ಇಗ್ನೇಷಿಯಸರ ನೆನಪಾಯಿತು. 1521ರಲ್ಲಿ ಪಾಂಪ್ಲೋನಾದ ಯುದ್ಧದಲ್ಲಿ ಕಾಲಿಗೆ ಗುಂಡು ತಗುಲಿ, ಲೊಯೋಲಾದ ಮನೆಯಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ ಆ ಸೈನಿಕ, ಬೇರೆ ಕೆಲಸವಿಲ್ಲದೆ ತನ್ನ ಆಲೋಚನೆಗಳನ್ನೇ ಗಮನಿಸತೊಡಗಿದ. ಕೆಲವು ಕನಸುಗಳು ಆ ಕ್ಷಣಕ್ಕೆ ಹಿತವಾಗಿದ್ದು ಬಳಿಕ ಮನಸ್ಸನ್ನು ಬರಡಾಗಿಸುತ್ತಿದ್ದವು. ಇನ್ನು ಕೆಲವು ಬಹುಕಾಲ ನೆಮ್ಮದಿಯನ್ನು ಉಳಿಸುತ್ತಿದ್ದವು. ಈ ವ್ಯತ್ಯಾಸವನ್ನು ಗುರುತಿಸಿದ್ದೇ ಅವರ ಬದುಕಿನ ತಿರುವು. ದಿನದ ಕೊನೆಯಲ್ಲಿ ಕೃತಜ್ಞತೆಯಿಂದ ಆರಂಭಿಸಿ, ಕಳೆದ ಗಂಟೆಗಳನ್ನು ಪರಿಶೀಲಿಸಿ, ಕ್ಷಮೆ ಕೋರಿ, ನಾಳೆಗೊಂದು ಸಂಕಲ್ಪ ಮಾಡುವ ಆತ್ಮಶೋಧನೆಯ ಕ್ರಮವನ್ನು ಅವರು ಮುಂದೆ ರೂಪಿಸಿದರು. ಅದು ಪ್ರಾರ್ಥನೆ; ಚಿಕಿತ್ಸೆಗೆ ಬದಲಿಯಲ್ಲ. ಆದರೂ ಗಮನಿಸುವ, ತೂಗುವ, ಯೋಜಿಸುವ, ತಿದ್ದಿಕೊಳ್ಳುವ ಅಭ್ಯಾಸ ಅದರಲ್ಲಿ ಅಡಕವಾಗಿದೆ. ಬೆಲ್ಜಿಯಂನ ಧರ್ಮಗುರು ಜೋಸೆಫ್ ಕಾರ್ಡೈನ್ ಅವರು ಯುವ ಕಾರ್ಮಿಕರಿಗೆ ಕಲಿಸಿದ, ನಮ್ಮ ವೈ.ಸಿ.ಎಸ್. ಸಂಘಟನೆಗಳಿಗೂ ಬಂದಿರುವ 'ನೋಡು, ವಿವೇಚಿಸು, ಕಾರ್ಯಗೈ' ಎಂಬ ಸೂತ್ರವೂ ಇದೇ ಜಾಡಿನದು. ಈ ಸೂತ್ರವನ್ನು ನಾವು ಪ್ರತಿಭಾ ಸ್ಪರ್ಧೆಗಳ ಬ್ಯಾನರಿಗೆ ಸೀಮಿತಗೊಳಿಸದೆ ನಿಜವಾಗಿ ಅಭ್ಯಾಸಕ್ಕೆ ತಂದರೆ ಒಳಿತು.

ಮನೆಯಲ್ಲಿ ಆಗಬೇಕಾದದ್ದು

ತಂದೆತಾಯಂದಿರು ಏನು ಮಾಡಬಹುದು? ದೊಡ್ಡ ಖರ್ಚಿನ ಸಂಗತಿಗಳೇನೂ ಇಲ್ಲ.

ಎಂಟನೆಯ, ಒಂಬತ್ತನೆಯ ತರಗತಿಯಿಂದಲೇ ಚಿಕ್ಕಚಿಕ್ಕ ನಿರ್ಧಾರಗಳನ್ನು ಮಕ್ಕಳಿಗೆ ಬಿಟ್ಟುಕೊಡಿ. ತಿಂಗಳ ಕೈಖರ್ಚಿನ ಹಣವನ್ನು ಒಮ್ಮೆಲೇ ಕೊಟ್ಟು ಲೆಕ್ಕವನ್ನು ಅವರೇ ಇಡಲಿ. ಹದಿನೈದನೆಯ ತಾರೀಕಿಗೆ ಮುಗಿದರೆ ಮುಗಿಯಲಿ. ಆ ಹದಿನೈದು ದಿನ ಕಲಿಸುವ ಪಾಠವನ್ನು ಯಾವ ಅರ್ಥಶಾಸ್ತ್ರದ ಪುಸ್ತಕವೂ ಕಲಿಸದು. ಓದಿನ ವೇಳಾಪಟ್ಟಿಯನ್ನು ಅವರೇ ಬರೆಯಲಿ, ಅವರೇ ತಪ್ಪಲಿ, ಅವರೇ ತಿದ್ದಲಿ. ತಮ್ಮ ಬಟ್ಟೆ ತಾವು ಒಗೆದುಕೊಳ್ಳುವುದು, ಒಂದು ಊಟವನ್ನಾದರೂ ತಾವೇ ಬೇಯಿಸಿಕೊಳ್ಳುವುದು ಗಂಡುಮಕ್ಕಳಿಗೂ ಬರಲಿ.

ಕೇಳುವ ಪ್ರಶ್ನೆಗಳನ್ನು ಬದಲಿಸಿ. ಗಲ್ಫಿನಿಂದ ವಾರಕ್ಕೊಮ್ಮೆ ಕರೆ ಮಾಡುವ ತಂದೆ 'ಎಷ್ಟು ಬಂತು?' ಎಂದು ಮಾತ್ರ ಕೇಳಿದರೆ ಮಗ ಒಂದು ಅಂಕಿಯನ್ನು ಹೇಳಿ ಫೋನಿಡುತ್ತಾನೆ. ಕೆಲವೊಮ್ಮೆ ಸುಳ್ಳು ಅಂಕಿಯನ್ನು ಹೇಳುತ್ತಾನೆ. 'ಈ ವಾರ ಯಾವುದು ಕಷ್ಟವಾಯಿತು? ಆಗ ನೀನು ಏನು ಮಾಡಿದೆ?' ಎಂದು ಕೇಳಿ ನೋಡಿ. ಮೊದಲ ಕೆಲವು ವಾರ ಉತ್ತರ ಬಾರದಿರಬಹುದು. ಕೇಳುವುದನ್ನು ನಿಲ್ಲಿಸಬೇಡಿ.

ನಿಮ್ಮ ಸೋಲುಗಳನ್ನೂ ಮಕ್ಕಳಿಗೆ ಹೇಳಿ. ನಾವು ಪಟ್ಟ ಕಷ್ಟವನ್ನು ಹೇಳುತ್ತೇವೆ, ಆದರೆ ಅದನ್ನು ಗೆದ್ದ ಕಥೆಯಾಗಿಯೇ ಹೇಳುತ್ತೇವೆ. ಸೋತ ದಿನ ಹೇಗೆ ಆಲೋಚಿಸಿದೆವು, ಯಾರ ಸಹಾಯ ಕೇಳಿದೆವು ಎಂಬುದನ್ನು ಹೇಳುವುದಿಲ್ಲ. ಸಹಾಯ ಕೇಳುವುದು ಸ್ವನಿರ್ವಹಣೆಯ ವಿರುದ್ಧವಲ್ಲ, ಅದರ ಅತ್ಯುನ್ನತ ರೂಪ. ತನ್ನ ಮಿತಿಯನ್ನು ಬಲ್ಲವನೇ ಇನ್ನೊಬ್ಬರ ಬಾಗಿಲು ತಟ್ಟುತ್ತಾನೆ.

ನೆರೆಮನೆಯ ಮಗುವಿನೊಂದಿಗೆ ಹೋಲಿಸುವುದನ್ನು ಬಿಡಿ. ಫಲಿತಾಂಶದ ದಿನ ಮನೆಯಲ್ಲಿ ಸೂತಕದ ಮೌನ ಆವರಿಸದಿರಲಿ. 'ಅಂಕ ಏನೇ ಬರಲಿ, ರಾತ್ರಿ ಊಟಕ್ಕೆ ಎಲ್ಲರೂ ಜೊತೆಯಾಗಿ ಕೂರೋಣ' ಎಂಬ ಒಂದು ಮಾತು ಫಲಿತಾಂಶಕ್ಕೆ ಮುಂಚೆಯೇ ಮಗುವಿನ ಕಿವಿಗೆ ಬೀಳಲಿ.

ಇನ್ನು, ನಿದ್ರೆ ಕೆಟ್ಟು, ಊಟ ಬಿಟ್ಟು, ಸ್ನೇಹಿತರಿಂದ ದೂರವಾಗಿ, 'ನಾನಿಲ್ಲದಿದ್ದರೇ ಎಲ್ಲರಿಗೂ ಸುಖ' ಎಂಬಂಥ ಮಾತುಗಳು ಮಗುವಿನ ಬಾಯಿಂದ ಬಂದಾಗ ಉಪದೇಶಕ್ಕೆ ಸಮಯವಿಲ್ಲ. ಆಗ ಜೊತೆಯಲ್ಲಿ ಕುಳಿತು, ನೇರವಾಗಿ ವಿಚಾರಿಸಿ, ತಡಮಾಡದೆ ವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಬರೆದು ಮನೆಯ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿಡಿ. 'ಜನ ಏನೆಂದಾರು' ಎಂಬ ಅಂಜಿಕೆಗೆ ಮಗುವಿನ ಜೀವಕ್ಕಿಂತ ಹೆಚ್ಚಿನ ಬೆಲೆ ಕೊಡದಿರೋಣ.

ನ್ಯಾಯಾಲಯ ತನ್ನ ಕೆಲಸ ಮಾಡಿದೆ. ಅದರ ಮಾತನ್ನು ಪಾಲಿಸಬೇಕಾದ ಹೊಣೆ ನಾವು ನಡೆಸುವ ಶಾಲಾ ಕಾಲೇಜುಗಳ ಮೇಲೂ ಇದೆ. ಅಂಕಕ್ಕೆ ತಕ್ಕಂತೆ ಮಕ್ಕಳನ್ನು ಬೇರ್ಪಡಿಸಿ ಕೂರಿಸುವ ಪದ್ಧತಿ ನಮ್ಮ ಸಂಸ್ಥೆಗಳಲ್ಲೇನಾದರೂ ಇದ್ದರೆ ಅದನ್ನು ಇಂದೇ ಕೈಬಿಡಬೇಕು. ಆದರೆ ಮಗು ತನ್ನ ಮನಸ್ಸಿಗೆ ತಾನೇ ಯಜಮಾನನಾಗುವ ಮೊದಲ ಪಾಠಶಾಲೆ ಮನೆಯೇ. ಮಕ್ಕಳಿಗಾಗಿ ನಾವು ಆಸ್ತಿ ಮಾಡುತ್ತೇವೆ, ಶುಲ್ಕ ಕಟ್ಟುತ್ತೇವೆ, ಪರೀಕ್ಷೆಯ ದಿನ ಮೇಣದ ಬತ್ತಿ ಹಚ್ಚುತ್ತೇವೆ. ಅದರೊಂದಿಗೆ, ತಪ್ಪಲು ಒಂದಿಷ್ಟು ಅವಕಾಶವನ್ನೂ, ತಪ್ಪಿದಾಗ ಮರಳಿ ಬರಲು ತೆರೆದ ಬಾಗಿಲನ್ನೂ ಕೊಡೋಣ. ನಾಳೆ ಗಂಟೆ ಹೊಡೆಯುವವರು ಯಾರೂ ಇಲ್ಲದ ಊರಿನಲ್ಲಿ ನಮ್ಮ ಮಗು ಒಬ್ಬನೇ ಕಣ್ತೆರೆಯುವ ಬೆಳಗಿನಲ್ಲಿ, ಅವನನ್ನು ಎಬ್ಬಿಸಿ ನಿಲ್ಲಿಸುವುದು ಇದೇ.